ಸದ್ದೂ ಒಂದು ಮೆಟ್ಟಿಲೇ

ಕಳೆದ ಈದ್‌ನ ಮರುದಿನ ನಮ್ಮ ಮನೆಯ ಆರು ಜನ ಒಂದು ಮೃಗಾಲಯಕ್ಕೆ ಹೋಗಿದ್ದೆವು. ನನ್ನ ತಮ್ಮನಿಗೆ ಒಂಬತ್ತು ವರ್ಷ. ಅವನಿಗೆ ಆಟಿಸಂ ಇದೆ, ಮಾತು ಕಡಿಮೆ. ಪ್ರಾಣಿಗಳೆಂದರೆ ತುಂಬಾ ಇಷ್ಟ. ಒಂದು ವಾರದಿಂದ ಪುಸ್ತಕದಲ್ಲಿದ್ದ ಜಿರಾಫೆಯ ಚಿತ್ರದ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸುತ್ತಿದ್ದ.

ಟಿಕೆಟ್ ಕೌಂಟರ್ ಹತ್ತಿರ ನೂಕುನುಗ್ಗಲು. ಒಳಗೆ ಪೀಪಿ ಊದುವ ಮಕ್ಕಳು, ಮೈಕಿನಲ್ಲಿ ಪ್ರಕಟಣೆ, ಮಲಗಿದ್ದ ಹುಲಿಯನ್ನು ಎಬ್ಬಿಸಲು ಶಿಳ್ಳೆ ಹಾಕುತ್ತಿದ್ದ ನಮ್ಮ ವಯಸ್ಸಿನ ಹುಡುಗರು. ಹುಲಿಯ ಮುಂದೆ ಬರುವಷ್ಟರಲ್ಲಿ ತಮ್ಮ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತು ಚೀರತೊಡಗಿದ. ಜನ ಸೇರಿದರು. "ಎಷ್ಟು ಹಟ! ಎರಡು ಬಿಗಿದರೆ ಸರಿಹೋಗ್ತಾನೆ" ಎಂದರು ಒಬ್ಬರು. ಅಮ್ಮಿ ತಮ್ಮ ದುಪಟ್ಟಾದಿಂದ ಅವನ ತಲೆ ಮುಚ್ಚಿ ತಬ್ಬಿಕೊಂಡು ಕೂತರು. ನಾನು ಮಾತ್ರ ಹತ್ತು ಹೆಜ್ಜೆ ದೂರ ಹೋಗಿ, ಅವರಾರೋ ನಾನಾರೋ ಎಂಬಂತೆ ಮೊಬೈಲ್ ನೋಡುತ್ತಾ ನಿಂತಿದ್ದೆ. ಜಿರಾಫೆ ನೋಡದೆಯೇ ಮನೆಗೆ ಬಂದೆವು. "ಇನ್ನು ಇವನನ್ನು ಎಲ್ಲಿಗೂ ಕರೆದುಕೊಂಡು ಹೋಗುವುದು ಬೇಡ" ಎಂದರು ಅಮ್ಮಿ. ಆ ಮಾತಿನಿಂದಾಗಿ ನಾನು ಈ ವಿಷಯ ಓದಲು ಶುರು ಮಾಡಿದೆ.

ಮೊದಲು ತಿಳಿದದ್ದು, ಅದು ಹಟವಲ್ಲ ಎಂಬುದು. ಹಟ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ. ಅದು ಸಿಕ್ಕರೆ ಅಳು ನಿಲ್ಲುತ್ತದೆ. ನನ್ನ ತಮ್ಮನಿಗೆ ಆಗ ಏನೂ ಬೇಕಿರಲಿಲ್ಲ, ಅವನಿಗೆ ತಡೆಯಲು ಆಗುತ್ತಿರಲಿಲ್ಲ. ನೀವು ಈಗ ಇದನ್ನು ಓದುವಾಗ ಮೇಲೆ ಫ್ಯಾನ್ ತಿರುಗುತ್ತಿರಬಹುದು, ಹೊರಗೆ ಬಸ್ಸಿನ ಹಾರನ್ ಕೇಳುತ್ತಿರಬಹುದು. ಮೆದುಳು ಅವನ್ನೆಲ್ಲ ಹಿಂದಕ್ಕೆ ತಳ್ಳಿ ಓದುವುದನ್ನು ಮಾತ್ರ ಮುಂದಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಈ ಸೋಸುವಿಕೆ ಬೇರೆ ರೀತಿ ಇರುತ್ತದೆ. ಸದ್ದು, ಬೆಳಕು, ವಾಸನೆ, ಮೈಗೆ ತಗಲುವ ಜನ, ಎಲ್ಲವೂ ಒಟ್ಟಿಗೆ, ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತವೆ. ಮೃಗಾಲಯದಲ್ಲಿ ಇವೆಲ್ಲವೂ ಇವೆ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಮೆಟ್ಟಿಲು ಅಡ್ಡಿ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಇಳಿಜಾರು ಕಟ್ಟುತ್ತಾರೆ. ನನ್ನ ತಮ್ಮನಂಥವರಿಗೆ ಸದ್ದೇ ಮೆಟ್ಟಿಲು. ಹಾಗಾದರೆ ಸದ್ದಿಗೆ ಇಳಿಜಾರು ಕಟ್ಟುವುದು ಹೇಗೆ?

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಮೃಗಾಲಯ ಇದಕ್ಕೆ ಒಂದು ದಾರಿ ಹಿಡಿದಿದೆ. ಅದೇ ನಗರದ ಕಲ್ಚರ್‌ಸಿಟಿ ಎಂಬ ಸಂಸ್ಥೆ ಇದಕ್ಕೆ ಜೊತೆಯಾಗಿದೆ. ಆ ಸಂಸ್ಥೆಯನ್ನು ಕಟ್ಟಿದವರು ಜೂಲಿಯನ್ ಮಾಹಾ ಮತ್ತು ಮಿಷೆಲ್ ಕಾಂಗ್ ಎಂಬ ವೈದ್ಯ ದಂಪತಿ. ಅವರ ಮಗನಿಗೂ ಆಟಿಸಂ ಇದೆ. ಅಲ್ಲಿ ಮಾಡಿರುವುದು ಮುಖ್ಯವಾಗಿ ಮೂರು ಕೆಲಸ.

ಒಂದು, ಸೆನ್ಸರಿ ಬ್ಯಾಗ್. ಬಂದವರು ಕೇಳಿದರೆ ಒಂದು ಚಿಕ್ಕ ಚೀಲ ಉಚಿತವಾಗಿ ಕೊಡುತ್ತಾರೆ, ಹೋಗುವಾಗ ಹಿಂದಿರುಗಿಸಬೇಕು. ಅದರಲ್ಲಿ ಸದ್ದು ತಗ್ಗಿಸುವ ಹೆಡ್‌ಫೋನ್, ಕೈಯಲ್ಲಿ ಹಿಸುಕುತ್ತಾ ತಿರುಗಿಸುತ್ತಾ ಇರಲು ಪುಟ್ಟ ಆಟಿಕೆಗಳು ಮತ್ತು ಚಿತ್ರದ ಕಾರ್ಡುಗಳು ಇರುತ್ತವೆ. ಮಾತು ಬಾರದ ಮಗು ಕಾರ್ಡು ತೋರಿಸಿ ತನಗೆ ಬೇಕಾದ್ದನ್ನು ತಿಳಿಸಬಹುದು. ತೊಡೆಯ ಮೇಲೆ ಇಟ್ಟುಕೊಳ್ಳುವ ಭಾರದ ದಿಂಬನ್ನೂ ಇಂಥ ಕಡೆ ಇಟ್ಟಿರುತ್ತಾರೆ. ಮೈಮೇಲೆ ಒಂದೇ ಸಮನಾಗಿ ಬೀಳುವ ಒತ್ತಡದಿಂದ ಕೆಲವರಿಗೆ ನೆಮ್ಮದಿ ಸಿಗುತ್ತದೆ. ಅಮ್ಮಿ ಅಂದು ತಬ್ಬಿಕೊಂಡು ಕೂತಿದ್ದು ಯಾರೂ ಹೇಳಿಕೊಡದೆ ಮಾಡಿದ ಇದೇ ಕೆಲಸ.

ಎರಡು, ಮುಂಚಿತ ಮಾಹಿತಿ. ಎಲ್ಲಿ ಗದ್ದಲ ಹೆಚ್ಚು, ಎಲ್ಲಿ ಶಾಂತವಾದ ಜಾಗವಿದೆ ಎಂದು ಫಲಕಗಳು ಹೇಳುತ್ತವೆ. ಮನೆಯಲ್ಲೇ ತಯಾರಾಗಲು ಚಿತ್ರಕಥೆಯ ವಿಧಾನವೂ ಇದೆ: ಇಲ್ಲಿ ಟಿಕೆಟ್ ಕೊಳ್ಳುತ್ತೇವೆ, ಇಲ್ಲಿ ಸಾಲು ಇರುತ್ತದೆ, ಆಮೇಲೆ ಆನೆ ಬರುತ್ತದೆ, ಹೀಗೆ. ಇದನ್ನು 1990ರ ದಶಕದ ಆರಂಭದಲ್ಲಿ ರೂಪಿಸಿದವರು ಕ್ಯಾರಲ್ ಗ್ರೇ ಎಂಬ ಅಮೆರಿಕದ ಶಿಕ್ಷಕಿ. ಮುಂದೇನು ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಮೂರು, ಸಿಬ್ಬಂದಿಗೆ ತರಬೇತಿ. ನೆಲದ ಮೇಲೆ ಕೂತ ಮಗುವನ್ನು ಗದರಿಸದೆ, ಜನರನ್ನು ಚದುರಿಸಿ ತಾಯಿಗೆ ಶಾಂತವಾದ ಜಾಗ ತೋರಿಸುವ ಒಬ್ಬ ಗಾರ್ಡ್ ಇದ್ದರೆ ಸಾಕು.

ಕಾಮರ್ಸ್ ಓದುವ ನನಗೆ ಮುಂದೆ ಹೊಳೆದದ್ದು ಖರ್ಚಿನ ಪ್ರಶ್ನೆ. ಇಳಿಜಾರು ಕಟ್ಟಲು ಸಿಮೆಂಟ್, ಕಬ್ಬಿಣ, ಟೆಂಡರ್ ಬೇಕು. ಇದಕ್ಕೆ ಅವು ಬೇಡ. ಚೀಲಗಳನ್ನು ಒಮ್ಮೆ ಕೊಂಡರೆ ಸ್ವಚ್ಛ ಮಾಡಿ ಮತ್ತೆ ಮತ್ತೆ ಕೊಡಬಹುದು. ನಮ್ಮ ಅಕೌಂಟೆನ್ಸಿ ಪಾಠದ ಪ್ರಕಾರ ಅದು ಬಂಡವಾಳ ವೆಚ್ಚ, ಪ್ರತಿವರ್ಷ ಸವಕಳಿ ಬರೆದರಾಯಿತು. ಫಲಕಕ್ಕೆ ಬಣ್ಣ ಸಾಕು. ವಾರಕ್ಕೊಂದು ಬೆಳಿಗ್ಗೆ ಮೊದಲ ಒಂದು ಗಂಟೆ ಮೈಕ್ ನಿಲ್ಲಿಸಿದರೆ ಖರ್ಚೇ ಇಲ್ಲ. ಆದಾಯದ ಕಡೆಯೂ ನೋಡಿ: ಒಂದು ಮಗು ಬರಲಾಗದಿದ್ದರೆ ತಪ್ಪುವುದು ಒಂದು ಟಿಕೆಟ್ ಅಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಆರು.

ಇದು ದಯೆಯ ಮಾತೂ ಅಲ್ಲ. ನಮ್ಮ ದೇಶದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮನರಂಜನೆಯಲ್ಲಿ ಇತರರಂತೆ ಸಮಾನವಾಗಿ ಪಾಲ್ಗೊಳ್ಳುವ ಹಕ್ಕನ್ನು ಅದರ 29ನೇ ಕಲಂ ಹೇಳುತ್ತದೆ. ಇನ್ನೊಂದು ಕಾನೂನು ನೋಡಿ ನನಗೇ ಆಶ್ಚರ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಂ ಪ್ರಕಾರ ಮೃಗಾಲಯದಲ್ಲಿ ಗದ್ದಲ ಮಾಡಿ ಪ್ರಾಣಿಗಳಿಗೆ ತೊಂದರೆ ಕೊಡುವಂತಿಲ್ಲ. ಅಂದರೆ ಹುಲಿಗೆ ಬೇಕಾದದ್ದೂ ನನ್ನ ತಮ್ಮನಿಗೆ ಬೇಕಾದದ್ದೂ ಒಂದೇ. ಅಂದು ಶಿಳ್ಳೆ ಹಾಕಿದ ಹುಡುಗರು ಇಬ್ಬರಿಗೂ ತೊಂದರೆ ಕೊಟ್ಟರು.

ಮಧ್ಯಂತರ ರಜೆಯಲ್ಲಿ ಒಂದು ಗುರುವಾರ ನಾವು ಮತ್ತೆ ಹೋದೆವು, ಬಾಗಿಲು ತೆರೆಯುವ ಹೊತ್ತಿಗೇ. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದೊಂದನ್ನು ಅಬ್ಬಾ ಹಾರ್ಡ್‌ವೇರ್ ಅಂಗಡಿಯಿಂದ ತಂದಿದ್ದರು. ನಾನು ಹಿಂದಿನ ರಾತ್ರಿ ಆರು ಚಿತ್ರ ಬರೆದು ದಾರಿಯನ್ನು ತೋರಿಸಿದ್ದೆ. ಈ ಸಲ ನಾನು ಅವನ ಕೈ ಬಿಡಲಿಲ್ಲ. ಅವನು ಮುಕ್ಕಾಲು ಗಂಟೆ ಜಿರಾಫೆಯ ಮುಂದೆ ನಿಂತಿದ್ದ. ಬೇರೆ ಪ್ರಾಣಿಗಳನ್ನು ನೋಡಲು ಒಪ್ಪಲೇ ಇಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಸಹಪಾಠಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಕಾಲೇಜು ಪ್ರವಾಸದಲ್ಲಿ ಮೃಗಾಲಯಕ್ಕೆ ಹೋದರೆ ಕೂಗಬೇಡಿ. ಯಾವುದಾದರೂ ಮಗು ಕಿವಿ ಮುಚ್ಚಿಕೊಂಡು ಕೂತಿದ್ದರೆ ಸುತ್ತ ಸೇರಬೇಡಿ, ವಿಡಿಯೊ ಮಾಡಬೇಡಿ. ಸ್ವಲ್ಪ ಜಾಗ ಬಿಡಿ. ಅದರ ಹತ್ತಿರ ಕೂತ ತಾಯಿಗೆ "ಆಂಟಿ, ನೀರು ಬೇಕಾ?" ಎಂದು ಮೆಲ್ಲಗೆ ಕೇಳಿ. ಅಂದು ನನ್ನ ಅಮ್ಮಿಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.