ಜೀತ ವಿಮುಕ್ತಿಯ ಕರಪತ್ರಗಳು: ಸಂಗ್ರಹದ ಕ್ರಮ ಮತ್ತು ದೈವಶಾಸ್ತ್ರೀಯ ಮಹತ್ವ

ಕರಪತ್ರವು ಬಹುಕಾಲ ಉಳಿಯಲೆಂದು ಅಚ್ಚಾಗುವುದಿಲ್ಲ. ಸಂತೆಯಲ್ಲಿ ಕೈಗೆ ಬಂದದ್ದು ಸಂಜೆಯೊಳಗೆ ಪೊಟ್ಟಣವಾಗುವುದೇ ಅದರ ಸಹಜ ಗತಿ. ಆದರೂ ಗುಲಾಮಗಿರಿಯ ವಿರುದ್ಧ ನಡೆದ ಹೋರಾಟವನ್ನು ಅರಿಯಬಯಸುವವರು ಇಂಥ ಹಾಳೆಗಳನ್ನೇ ಅರಸುತ್ತಾರೆ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ನಿರ್ಮೂಲನಕ್ಕಾಗಿ ಸಂಘವೊಂದು ಸ್ಥಾಪನೆಯಾಯಿತು. ಮರುವರ್ಷ ಜಾನ್ ನ್ಯೂಟನ್ನರ ಕಿರುಹೊತ್ತಗೆ ಹೊರಬಂತು. ಒಂದು ಕಾಲದಲ್ಲಿ ಗುಲಾಮರ ಹಡಗಿನ ನಾಯಕನಾಗಿದ್ದು, ಆಮೇಲೆ ಆಂಗ್ಲಿಕನ್ ಸಭೆಯ ಪಾದ್ರಿಯಾದವರ ತಪ್ಪೊಪ್ಪಿಗೆ ಅದು. 1791ರಲ್ಲಿ ವಿಲಿಯಂ ಫಾಕ್ಸ್ ಬರೆದ ಕರಪತ್ರವು ಗುಲಾಮರ ದುಡಿಮೆಯ ಸಕ್ಕರೆಯನ್ನು ತ್ಯಜಿಸುವಂತೆ ಗೃಹಸ್ಥರಿಗೆ ಕರೆಕೊಟ್ಟಿತು. ಅಮೆರಿಕದ ಪಾದ್ರಿ ಸ್ಯಾಮ್ಯುಯೆಲ್ ಮೇ ಇಂಥವನ್ನು ಕೂಡಿಟ್ಟು 1870ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಇಂದು ಅಲ್ಲಿ ಹತ್ತು ಸಾವಿರಕ್ಕೂ ಮಿಗಿಲಾದ ಕೃತಿಗಳಿವೆ.

ನಮ್ಮ ನಾಡಿನ ಕಥೆ ಬೇರೆ ಹಾದಿ ಹಿಡಿಯಿತು. 1833ರ ಬ್ರಿಟಿಷ್ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಪ್ರಾಂತ್ಯಗಳನ್ನು ಹೊರಗಿಟ್ಟಿತು. 1843ರ ಐದನೆಯ ಕಾಯಿದೆಯಿಂದ ಕಂಪನಿಯ ನ್ಯಾಯಾಲಯಗಳು ಗುಲಾಮಗಿರಿಗೆ ಮನ್ನಣೆ ಕೊಡುವುದನ್ನು ಬಿಟ್ಟವು. ಆದರೆ ಸಾಲದ ಹೆಸರಿನಲ್ಲಿ ಮನುಷ್ಯನನ್ನು ಕಟ್ಟಿಹಾಕುವ ಜೀತವು ಗುಲಾಮಗಿರಿ ಎನಿಸಿಕೊಳ್ಳದೆ ಮುಂದುವರಿಯಿತು. ಅದನ್ನು ರದ್ದುಗೊಳಿಸಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಹಾಗೂ 1976ರ ಕಾಯಿದೆ. ಕಾಯಿದೆಯನ್ನು ಕಚೇರಿಯಿಂದ ಕೇರಿಗೆ ಒಯ್ದವರಲ್ಲಿ ದಲಿತ ಸಂಘಟನೆಗಳೂ ಮುಂದೆ ‘ಜೀವಿಕ’ದಂತಹ ಸಂಸ್ಥೆಗಳೂ ಇದ್ದವು, ಅವರ ಕೈಯಲ್ಲಿದ್ದ ಸಾಧನ ಹಾಡು, ಸಭೆ ಮತ್ತು ಕರಪತ್ರ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಸೇವೆಗೆ ಹೋಗುವ ಗುರು ಅಭ್ಯರ್ಥಿಗಳು ಹುಡುಕಬೇಕಾದದ್ದು ಇಂಥ ಹಾಳೆಗಳನ್ನು. ಕಾಯಿದೆಗೆ ಅರ್ಧ ಶತಮಾನವಾಗಿದೆ. ಅಗ್ಗದ ಕಾಗದಕ್ಕೆ ಅಷ್ಟು ಆಯಸ್ಸಿಲ್ಲ.

ಸಿಕ್ಕ ಹಾಳೆಯ ಮೇಲೆ ತಾರೀಖು ಇಲ್ಲದಿದ್ದರೆ ಒಳಗಿನ ಸಾಕ್ಷ್ಯದಿಂದ ಕಾಲ ತಿಳಿಯಬಹುದು. ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಬಹುಮಟ್ಟಿಗೆ 1973ರ ನವೆಂಬರ್ 1ಕ್ಕೆ ಹಿಂದಿನದು. ಈ ಊರುಗಳನ್ನು ಕೋಲಾರ ಜಿಲ್ಲೆಗೆ ಸೇರಿಸಿದ್ದರೆ, ಪ್ರತ್ಯೇಕ ಜಿಲ್ಲೆ ರಚನೆಯಾದ 2007ಕ್ಕೆ ಹಿಂದಿನದೆಂದು ಊಹಿಸಬಹುದು. ಕೊನೆಯ ಸಾಲಿನಲ್ಲಿ ಮುದ್ರಣಾಲಯದ ಹೆಸರಿದೆಯೇ ಎಂದು ನೋಡಬೇಕು. 1867ರ ಮುದ್ರಣ ಕಾಯಿದೆ ಅದನ್ನು ಕಡ್ಡಾಯಗೊಳಿಸಿತ್ತು. ತೆಲುಗು ಮನೆಮಾತಾಗಿರುವ ಈ ಗಡಿಸೀಮೆಯಲ್ಲಿ ಹಾಳೆಯ ಭಾಷೆ ಯಾವುದೆಂಬುದೂ ಅದು ಯಾರನ್ನು ಉದ್ದೇಶಿಸಿತ್ತೆಂಬುದಕ್ಕೆ ಸುಳಿವು. ಕೊಟ್ಟವರಿಂದ ಮೂಲವನ್ನು ಕಸಿದು ತರದೆ, ಒಪ್ಪಿಗೆ ಪಡೆದು ಪ್ರತಿ ಮಾಡಿಕೊಂಡು ಹಿಂತಿರುಗಿಸುವುದು ಲೇಸು. ಮೂಲವನ್ನೇ ಕೊಟ್ಟರೆ ಅಂಟುಪಟ್ಟಿ, ಪ್ಲಾಸ್ಟಿಕ್ ಲೇಪನ ಎರಡೂ ಬೇಡ. ಆಮ್ಲರಹಿತ ಕಾಗದದ ನಡುವೆ ಇಟ್ಟು, ಸಿಕ್ಕ ಸ್ಥಳ ಮತ್ತು ದಿನವನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ಜೀತದಲ್ಲಿದ್ದವರ ಹೆಸರುಗಳನ್ನು ಅವರ ಅನುಮತಿಯಿಲ್ಲದೆ ಪ್ರಕಟಿಸಕೂಡದು.

ಇದು ದೈವಶಾಸ್ತ್ರದ ಕೆಲಸ ಹೇಗೆ? ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ನಮಗೆ ಪ್ರತಿಕೂಲವಾಗಿದ್ದ ಋಣಪತ್ರವನ್ನು ದೇವರು ಶಿಲುಬೆಗೆ ಜಡಿದು ಇಲ್ಲವಾಗಿಸಿದರೆಂಬ ಮಾತಿದೆ. ಅಲ್ಲಿ ಬಳಕೆಯಾದ ‘ಖೈರೋಗ್ರಫೋನ್’ ಎಂಬ ಗ್ರೀಕ್ ಪದಕ್ಕೆ ಸಾಲಗಾರನು ಸ್ವಹಸ್ತದಿಂದ ಬರೆದುಕೊಟ್ಟ ಪತ್ರ ಎಂದರ್ಥ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲರು ಒನೇಸಿಮನ ಬಾಕಿಯನ್ನು ತಾವೇ ತೀರಿಸುವುದಾಗಿ ತಮ್ಮ ಕೈಯಾರೆ ಬರೆದುಕೊಡುತ್ತಾರೆ. ವಿಮೋಚನೆಯನ್ನು ಸಾಲದ ಭಾಷೆಯಲ್ಲಿ ಸಾರಿದ ಧರ್ಮಸಭೆಗೆ, ಸಾಲದಿಂದ ಕಟ್ಟುಬಿದ್ದವರ ಕಾಗದಗಳು ಪರಕೀಯವಾಗಲಾರವು. ಜೀತದಾಳಿನ ಬಳಿ ಬಹಳ ಸಲ ಸಾಲಪತ್ರವೇ ಇರುವುದಿಲ್ಲ. ಲೆಕ್ಕವೆಲ್ಲ ಧಣಿಯ ಬಾಯಲ್ಲಿ. ಅವನ ಬಾಳು ಅಕ್ಷರಕ್ಕಿಳಿದದ್ದು ಕರಪತ್ರದಲ್ಲಿ ಮತ್ತು ಸರ್ಕಾರ ಕೊಟ್ಟ ಬಿಡುಗಡೆ ಪತ್ರದಲ್ಲಿ ಮಾತ್ರವಾಗಿರಬಹುದು.

ಇನ್ನೊಂದು ಪಾಠವೂ ಇದೆ. ಜಗದ್ಗುರು ಹದಿನಾರನೆಯ ಗ್ರೆಗರಿಯವರು 1839ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು. ಚಾರ್ಲ್‌ಸ್ಟನ್ನಿನ ಧರ್ಮಾಧ್ಯಕ್ಷ ಜಾನ್ ಇಂಗ್ಲೆಂಡರು, ಅದು ವ್ಯಾಪಾರಕ್ಕಷ್ಟೇ ಅನ್ವಯ, ಅಮೆರಿಕದ ಮನೆ-ತೋಟಗಳ ಗುಲಾಮಗಿರಿಗಲ್ಲ ಎಂದು ವಾದಿಸಿದರು. ವ್ಯಾಖ್ಯಾನದ ಸಂದಿಯಲ್ಲಿ ಅನ್ಯಾಯ ನುಸುಳುವುದು ಹೀಗೆ. ‘ಇದು ಜೀತವಲ್ಲ, ಮುಂಗಡ’ ಎಂಬ ಮಾತೂ ಅದೇ ಕುಲದ್ದು. ಮುಂಗಡದ ಕಾರಣಕ್ಕೆ ಬೇರೆಡೆ ದುಡಿಯುವ ಇಲ್ಲವೆ ಬೇಕೆಂದಲ್ಲಿಗೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡು ದುಡಿಯುವುದನ್ನು 1976ರ ಕಾಯಿದೆ ಜೀತವೆಂದೇ ಪರಿಗಣಿಸುತ್ತದೆ. ದುಡಿಯುವವನು ಅದನ್ನು ಜೀತಸಾಲವೆಂದಾಗ, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಎರಡನೆಯ ವ್ಯಾಟಿಕನ್ ಮಹಾಸಭೆಯು ಗುಲಾಮಗಿರಿಯನ್ನು ಮಾನವ ಘನತೆಗೆ ಕಳಂಕ ತರುವ ಕೃತ್ಯಗಳ ಸಾಲಿನಲ್ಲಿಟ್ಟಿದೆ.

ಆದುದರಿಂದ ಸಂಗ್ರಹವು ಕುತೂಹಲದಲ್ಲಿ ಮುಗಿಯಬಾರದು. ಹಳೆಯ ಕರಪತ್ರ ಕೇಳಲು ಹೋದ ಮನೆಯಲ್ಲಿ ಇಂದಿನ ಜೀತ ಕಂಡುಬಂದರೆ, ಆ ಕುಟುಂಬದ ಸುರಕ್ಷತೆಯನ್ನು ಮೊದಲು ಯೋಚಿಸಿ, ಅವರ ಇಚ್ಛೆಯನ್ನು ಕೇಳಿಕೊಂಡು ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗದ ಜಾಗೃತಿ ಸಮಿತಿಗೆ ತಲುಪಿಸಬೇಕು. ಅಲ್ಲಿಂದ ಬರುವ ಬಿಡುಗಡೆ ಪತ್ರವು ನಮ್ಮ ಕಪಾಟಿಗೆ ಸೇರತಕ್ಕದ್ದಲ್ಲ. ಅದು ಇರಬೇಕಾದದ್ದು ಬಿಡುಗಡೆಯಾದವರ ಕೈಯಲ್ಲಿ.