ನಾಣ್ಯ ಹೊಳೆಯಲಿ ಎಂದು ಮನೆಗೆ ಬೆಂಕಿ ಇಡುವುದೇ?

ಕುಂದಾಪುರ: ಹೋದ ಮಳೆಗಾಲದ ಒಂದು ಮುಸ್ಸಂಜೆ ಗಂಗೊಳ್ಳಿ ಕಡೆಯ ಪರಿಚಯದವರ ಮನೆಗೆ ಹೋಗಿದ್ದೆ. ಹೊರಗೆ ಧೋ ಎಂದು ಮಳೆ. ಕಿಟಕಿ ಬಾಗಿಲು ಎಲ್ಲ ಭದ್ರ. ಒಳಗೆ ಕಾಲಿಟ್ಟರೆ ತಲೆಗೇ ಏರುವ ವಾಸನೆ. ಮನೆಯ ಹುಡುಗ ಪ್ಲಾಸ್ಟಿಕ್ ಬೋಗುಣಿಯಲ್ಲಿ ಅರ್ಧ ಲೀಟರಿನಷ್ಟು ಎಸಿಟೋನ್ ಸುರಿದುಕೊಂಡು ನೆಲದಲ್ಲಿ ಕೂತಿದ್ದಾನೆ. ಅದರೊಳಗೆ ಅಜ್ಜನ ಕಾಲದ ಬೆಳ್ಳಿ ರೂಪಾಯಿ ನಾಲ್ಕು.

"ಫೈಬರ್ ದೋಣಿ ರಿಪೇರಿ ಶೆಡ್ಡಿಂದ ತಂದದ್ ಮಾರ್ರೆ. ಚೂರ್ ಬೆಳ್ಳಗಾದ್ರೆ ಲಕ್ಷ ಸಿಕ್ಕತ್ತ್ ಅಂಬ್ರ್, ಫೋನಲ್ಲ್ ಕಂಡೆ" ಎಂದ.

ಅಷ್ಟರಲ್ಲಿ ಅಜ್ಜಿ ಬೆಂಕಿಪೆಟ್ಟಿಗೆ ಹಿಡಿದುಕೊಂಡು ಬಂದರು. "ಎಂತದಾ ಅದ್ ನಾತ? ದೀಪ ಹಚ್ಚೂಕಾಯ್ತ್."

ನಾನು ಕೂಗಿದ ಕೂಗಿಗೆ ಅಜ್ಜಿ ಹೆದರಿ ಗೋಡೆಗೆ ಒರಗಿದರು. ಪಾಪ, ಅವರಿಗೇನು ಗೊತ್ತು. ಬೋಗುಣಿಯನ್ನು ಅಂಗಳದ ಮೂಲೆಗೆ ಸಾಗಿಸಿ, ಬಾಗಿಲೆಲ್ಲ ತೆರೆದು, ಒಂದು ಗಂಟೆ ಕಳೆದ ಮೇಲೆಯೇ ಆ ಮನೆಯಲ್ಲಿ ದೀಪ ಹಚ್ಚಿದ್ದು.

ಎಸಿಟೋನ್ ಎಂದರೆ ಸೀಮೆಎಣ್ಣೆಯ ಹಾಗೆ ಸಾವಧಾನದ ವಸ್ತುವಲ್ಲ ಸ್ವಾಮಿ. ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಇದ್ದರೂ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕೇಳುವುದೇ ಬೇಡ. ಇನ್ನೊಂದು ಮಾತು, ಈ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಚಾವಡಿಯಲ್ಲಿ ಬಟ್ಟಲು ಇಟ್ಟರೆ ಪಕ್ಕದ ಕೋಣೆಯ ಒಲೆಯವರೆಗೂ ಹೋದೀತು. ಅಲ್ಲಿ ಹತ್ತಿದ ಬೆಂಕಿ ಬಂದ ದಾರಿಯಲ್ಲೇ ಬಟ್ಟಲಿಗೆ ವಾಪಸು ಬರುತ್ತದೆ. ಬೀಡಿ, ದೇವರ ದೀಪ, ಗ್ಯಾಸಿನ ಒಲೆ, ಕಿಡಿ ಹಾರುವ ಹಳೇ ಸ್ವಿಚ್ಚು, ಯಾವುದಾದರೂ ಸಾಕು.

ಇಷ್ಟು ಗಂಡಾಂತರ ಮೈಮೇಲೆ ಎಳೆದುಕೊಂಡರೆ ರೂಪಾಯಿ ಬೆಳ್ಳಗಾಗುತ್ತದೆಯೇ? ಅದೂ ಇಲ್ಲ! ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಆದ ಪದರ ಅದು. ಎಸಿಟೋನ್ ಅದನ್ನು ಮುಟ್ಟುವುದೇ ಇಲ್ಲ. ಎಣ್ಣೆ ಜಿಡ್ಡು, ಗೋಂದು, ಟೇಪಿನ ಅಂಟು, ಇಂಥವನ್ನು ಮಾತ್ರ ಕರಗಿಸುತ್ತದೆ. ಮತ್ತೊಂದು ಉಪಯೋಗ ಉಂಟು. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಲ್ಲಿ ವರ್ಷಗಟ್ಟಲೆ ಇಟ್ಟ ನಾಣ್ಯಕ್ಕೆ ಹಸಿರು ಅಂಟಂಟು ಪಸೆ ಹಿಡಿಯುತ್ತದಲ್ಲ, ಅದಕ್ಕೆ ಎಸಿಟೋನ್ ಸರಿಯಾದ ಮದ್ದು.

ಕಪ್ಪು ಹೋಗಲಿ ಎಂದು ಹುಣಸೆಹುಳಿ, ಬೂದಿ ಹಾಕಿ ತಿಕ್ಕುವವರೂ ಇದ್ದಾರೆ. ನಾನೇ ಒಂದು ಕಾಲದಲ್ಲಿ ಐದನೇ ಜಾರ್ಜನ ರೂಪಾಯಿಯನ್ನು ಹಾಗೆ ತಿಕ್ಕಿ, ರಾಜನ ಮೀಸೆ ಅರ್ಧ ಬೋಳಿಸಿದ ಪುಣ್ಯಾತ್ಮ. ಸಂಗ್ರಾಹಕರಿಗೆ ಆ ಹಳೇ ಬಣ್ಣವೇ ಬೇಕು. ತಿಕ್ಕಿದ ನಾಣ್ಯವನ್ನು ಬೆಳ್ಳಿಯ ತೂಕಕ್ಕಷ್ಟೇ ಕೇಳುತ್ತಾರೆ. ಲಕ್ಷದ ಮಾತಂತೂ ಬಿಡಿ. ಆ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಸುಮಾರು 10.7 ಗ್ರಾಂ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ ಕೊಳ್ಳುತ್ತೇವೆ ಎನ್ನುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಮಾಡಲೇಬೇಕು ಎನ್ನುವವರಿಗೆ

ಅಂಟು ತೆಗೆಯಲೇಬೇಕಾದ ನಾಣ್ಯ ಇದ್ದರೆ ಹಗಲು ಹೊತ್ತಿನಲ್ಲಿ, ಮಳೆಯಿಲ್ಲದ ದಿನ, ಗಾಳಿಯಾಡುವ ಜಗಲಿಯಲ್ಲಿ ಕೂತುಕೊಳ್ಳಿ. ಮಕ್ಕಳನ್ನು ದೂರ ಕಳಿಸಿ. ಗಾಜಿನ ಸಣ್ಣ ಬಟ್ಟಲು ಎರಡು ಸಾಕು. ಪ್ಲಾಸ್ಟಿಕ್ ಬೇಡ, ಎಷ್ಟೋ ಪ್ಲಾಸ್ಟಿಕ್ಕನ್ನು ಎಸಿಟೋನ್ ಕರಗಿಸಿ ನಾಣ್ಯಕ್ಕೇ ಬಳಿಯುತ್ತದೆ. ನಾಣ್ಯ ಮುಳುಗುವಷ್ಟು ಮಾತ್ರ ಹಾಕಿ ಗಾಜಿನ ಮುಚ್ಚಳ ಮುಚ್ಚಿ. ಕೆಲವು ನಿಮಿಷ ಬಿಟ್ಟು ಅಂಚು ಹಿಡಿದು ಎತ್ತಿ, ಎರಡನೇ ಬಟ್ಟಲಿನ ಹೊಸ ಎಸಿಟೋನಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯ ಮೇಲೆ ಇಟ್ಟುಬಿಡಿ. ತಾನಾಗಿ ಒಣಗುತ್ತದೆ. ಉಜ್ಜಬೇಡಿ ಮಾರಾಯ್ರೆ, ಉಜ್ಜಬೇಡಿ.

ಆಸ್ಪತ್ರೆಯ ತೆಳು ರಬ್ಬರ್ ಕೈಚೀಲ ಎಸಿಟೋನಿನ ಎದುರು ಬಹಳ ಹೊತ್ತು ನಿಲ್ಲುವುದಿಲ್ಲ. ಬ್ಯುಟೈಲ್ ರಬ್ಬರಿನದ್ದು ತಡೆಯುತ್ತದೆ. ಅದಿಲ್ಲದಿದ್ದರೆ ಇಕ್ಕಳದಲ್ಲಿ ಹಿಡಿಯಿರಿ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ನೀರು ಹೊಯ್ದು ನೇರ ಡಾಕ್ಟರ ಹತ್ತಿರ ಹೋಗಿ. ಬೆಂಕಿ ಹತ್ತಿದರೆ ಬಟ್ಟಲನ್ನು ಎತ್ತಿಕೊಂಡು ಓಡಬೇಡಿ. ಮುಚ್ಚಳ ಮುಚ್ಚಿ, ಇಲ್ಲವೇ ಮರಳು ಸುರಿಯಿರಿ. ಒಂದು ಬಕೆಟ್ ಮರಳು ಮೊದಲೇ ಪಕ್ಕದಲ್ಲಿರಲಿ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಬೇಡಿ, ಬಾವಿ ಅಲ್ಲೇ ಇರುತ್ತದಲ್ಲ.

ದೋಣಿ ಶೆಡ್ಡಿನ ಎಸಿಟೋನ್ ಬ್ರಷ್ ತೊಳೆದು ರೆಸಿನ್ ಕರಗಿದ್ದಾದರೆ ನಾಣ್ಯದ ಮೇಲೆ ಪೊರೆ ಬಿಡುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಬಣ್ಣ, ಪರಿಮಳ ಎಲ್ಲ ಇರುತ್ತದೆ. ಪೆಟ್ರೋಲು, ಥಿನ್ನರು ಮುಟ್ಟಲೇಬೇಡಿ. ಬ್ಲೀಚಿಂಗ್ ದ್ರವವೋ ಇನ್ಯಾವುದೋ ಸೇರಿಸಿ ಸ್ವಂತ ಔಷಧಿ ತಯಾರಿಸುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ.

ಬಾಟಲಿಯ ಮಾತು

ಎಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸುವುದು ಬಾಟಲಿ. ಆ ಹುಡುಗ ಎಸಿಟೋನ್ ತಂದದ್ದು ತಂಪುಪಾನೀಯದ ಖಾಲಿ ಬಾಟಲಿಯಲ್ಲಿ! 1922ರ ಜೂನಿನಲ್ಲಿ ಲಂಡನ್ನಿನ ಹೋಟೆಲಿನಲ್ಲಿ ಅಮೆರಿಕದ ಹೆಸರಾಂತ ನಾಣ್ಯಸಂಗ್ರಾಹಕ ಜೆ. ಸ್ಯಾನ್‌ಫರ್ಡ್ ಸಾಲ್ಟಸ್ ಸತ್ತದ್ದು ಹೀಗೆಯೇ. ಬೆಳ್ಳಿ ನಾಣ್ಯ ತೊಳೆಯಲು ಸಯನೈಡ್ ತಂದಿದ್ದರು, ಕುಡಿಯಲು ಶುಂಠಿ ಸೋಡಾ ತರಿಸಿದ್ದರು. ಕೈ ತಪ್ಪಿ ವಿಷವನ್ನೇ ಕುಡಿದರು. ನಾಣ್ಯದ ವಿಷಯ ಅರೆದು ಕುಡಿದವರ ಗತಿಯೇ ಹೀಗಾದರೆ ಅಡುಗೆಮನೆಯ ಮೂಲೆಯ ಬಾಟಲಿಗೆ ಕೈ ಹಾಕುವ ಮಗುವಿನ ಗತಿ ಏನು? ಗಾಜಿನ ಬಾಟಲಿ, ಬಿಗಿ ಮುಚ್ಚಳ, ಮೇಲೆ ದಪ್ಪ ಅಕ್ಷರದಲ್ಲಿ "ವಿಷ, ಬೆಂಕಿ" ಎಂಬ ಚೀಟಿ, ಬೀಗ. ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗದೆ ಬಾಟಲಿ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಬ್ರಹ್ಮಾವರದ ಕಡೆಯವರಿಗೆ ಒಂದು ಮಾತು. ವಿಜಯನಗರ ಕಾಲದ ಶಾಸನಗಳಲ್ಲಿ "ಬಾರಕೂರು ಗದ್ಯಾಣ" ಎಂದೇ ಬರುತ್ತದೆ. ಅಳುಪರ ಚಿನ್ನದ ನಾಣ್ಯದ ಮೇಲೆ ಜೋಡಿ ಮೀನಿದೆ. ಬಾರ್ಕೂರು, ಬಸ್ರೂರಿನಂಥ ಊರಲ್ಲಿ ತೋಟ ಅಗೆಯುವಾಗ ಹಳೇ ನಾಣ್ಯ ಸಿಕ್ಕರೆ ತೊಳೆಯುವ ಪ್ರಶ್ನೆಯೇ ಇಲ್ಲ. ಮಣ್ಣು ಸಮೇತ ಇಟ್ಟು ಜಿಲ್ಲಾಧಿಕಾರಿಗೆ ತಿಳಿಸಬೇಕು, ಕಾನೂನು ಇದೆ. ಬೈಂದೂರು, ಮರವಂತೆಯ ಕಡಲ ಗಾಳಿಗೆ ತಾಮ್ರದ ಕಾಸಿನ ಮೇಲೆ ಹಸಿರು ಪುಡಿ ಏಳುವುದು ಉಪ್ಪಿನ ಕಿತಾಪತಿ. ಅದಕ್ಕೂ ಎಸಿಟೋನ್ ಆಗದು. ಅಂಥದನ್ನು ಬೇರೆ ನಾಣ್ಯಗಳಿಂದ ದೂರ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಒಣಗಿಸಿ ಇಟ್ಟು ತಿಳಿದವರಿಗೆ ತೋರಿಸಿ.

ಮೊನ್ನೆ ಮತ್ತೆ ಗಂಗೊಳ್ಳಿಗೆ ಹೋದಾಗ ಕೇಳಿದೆ. ಉಳಿದ ಎಸಿಟೋನನ್ನು ಹುಡುಗ ಶೆಡ್ಡಿಗೇ ವಾಪಸು ಕೊಟ್ಟಿದ್ದಾನೆ. ನಾಲ್ಕೂ ರೂಪಾಯಿ ಕಪ್ಪಾಗಿಯೇ ಅಜ್ಜಿಯ ಪೆಟ್ಟಿಗೆಯಲ್ಲಿವೆ. "ಈಗ ಬೀಗದಕೈ ನನ್ ಸೊಂಟದಗೇ ಇತ್ತ್" ಎಂದರು ಅಜ್ಜಿ.