ಶಿಖರ್ಜಿ, ರಾಜಗೃಹ, ಪಾವಾಪುರಿ: ರೈಲು–ಬಸ್ಸಿನಲ್ಲೇ ಮಿತವ್ಯಯದ ಯಾತ್ರೆ

ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರ್ಜಿಯ ದರ್ಶನ ಜೀವನದಲ್ಲಿ ಒಮ್ಮೆಯಾದರೂ ಆಗಬೇಕು ಎಂಬುದು ಪ್ರತಿಯೊಬ್ಬ ಶ್ರಾವಕ–ಶ್ರಾವಿಕೆಯ ಹಂಬಲ. ಆದರೆ ವಿಮಾನ, ಖಾಸಗಿ ವಾಹನ, ಪ್ಯಾಕೇಜ್ ಪ್ರವಾಸಗಳ ಖರ್ಚು ಕೇಳಿಯೇ ಎಷ್ಟೋ ಕುಟುಂಬಗಳು ಯಾತ್ರೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತವೆ. ಅಷ್ಟರಲ್ಲಿ ಮನೆಯ ಹಿರಿಯರಿಗೆ ಬೆಟ್ಟ ಹತ್ತುವ ಶಕ್ತಿಯೇ ಉಳಿದಿರುವುದಿಲ್ಲ. ಸರಿಯಾಗಿ ಯೋಜಿಸಿದರೆ ಇಡೀ ಯಾತ್ರೆಯನ್ನು ರೈಲು, ಬಸ್ಸು ಮತ್ತು ಧರ್ಮಶಾಲೆಗಳ ನೆರವಿನಿಂದಲೇ ಮುಗಿಸಬಹುದು.

ಹೋದ ದಾರಿಯಲ್ಲೇ ಮರಳಬೇಡಿ

ಶಿಖರ್ಜಿಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವ ಬದಲು ಒಂದು ಸುತ್ತು ಹಾಕುವುದು ಲಾಭದಾಯಕ. ಬೆಂಗಳೂರಿನಿಂದ ಹೌರಾಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ದಿನದ ಪ್ರಯಾಣ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ, ಗದಗ, ಬಳ್ಳಾರಿ ಮಾರ್ಗವಾಗಿ ಕೋಲ್ಕತ್ತ ಕಡೆಗೆ ಸಾಗುವ ಅಮರಾವತಿ ಎಕ್ಸ್‌ಪ್ರೆಸ್ ಅನುಕೂಲ. ಅದು ಪ್ರತಿದಿನ ಇಲ್ಲದ ಕಾರಣ ಮೊದಲು ರೈಲಿನ ದಿನ ನೋಡಿ, ನಂತರ ಯಾತ್ರೆಯ ದಿನಾಂಕ ನಿಗದಿ ಮಾಡಬೇಕು.

ಹೌರಾದಲ್ಲಿ ಅರ್ಧ ದಿನ ಬಿಡುವಿದ್ದರೆ ಬೆಳಗಾಛಿಯ ದಿಗಂಬರ ಜೈನ ಮಂದಿರಕ್ಕೆ ಮೆಟ್ರೊದಲ್ಲೇ ಹೋಗಿಬರಬಹುದು. ಹೌರಾ ನಿಲ್ದಾಣದಿಂದ ಎಸ್ಪ್ಲನೇಡ್‌ಗೆ ಬಂದು ಅಲ್ಲಿ ಮಾರ್ಗ ಬದಲಿಸಬೇಕು. ಹೌರಾದಿಂದ ಸುಮಾರು 300 ಕಿ.ಮೀ. ದೂರದಲ್ಲಿರುವ ಪಾರಸನಾಥ ನಿಲ್ದಾಣ ಗಯಾ ಮಾರ್ಗದಲ್ಲಿದೆ. ಅಲ್ಲಿಂದ ಬೆಟ್ಟದ ತಪ್ಪಲಿನ ಮಧುಬನಕ್ಕೆ ಸುಮಾರು 25 ಕಿ.ಮೀ.; ಹಂಚಿಕೊಂಡು ಹೋಗುವ ವಾಹನಗಳು ಸಿಗುತ್ತವೆ.

ಶಿಖರ್ಜಿಯ ನಂತರ ಪಾರಸನಾಥದಿಂದ ರೈಲಿನಲ್ಲಿ ಗಯಾ, ಅಲ್ಲಿಂದ ಬಸ್ಸಿನಲ್ಲಿ ರಾಜಗೃಹ ಅಂದರೆ ಇಂದಿನ ರಾಜಗೀರ್. ವಿಪುಲಾಚಲ, ರತ್ನಗಿರಿ, ಉದಯಗಿರಿ, ಸ್ವರ್ಣಗಿರಿ, ವೈಭಾರಗಿರಿ ಎಂಬ ಪಂಚಪಹಾಡಿಯ ವಂದನೆ ಇಲ್ಲಿಯದು. ಮಹಾವೀರ ಸ್ವಾಮಿಯ ನಿರ್ವಾಣಭೂಮಿ ಪಾವಾಪುರಿಯ ಜಲಮಂದಿರ ಹಾಗೂ ನಾಲಂದಾ ಬಳಿಯ ಕುಂಡಲಪುರವನ್ನು ರಾಜಗೀರ್‌ನಿಂದ ಒಂದೇ ದಿನದಲ್ಲಿ ನೋಡಬಹುದು. ಅಲ್ಲಿಂದ ಪಟ್ನಾಕ್ಕೆ ಬಂದು, ಸೇಠ್ ಸುದರ್ಶನರ ನಿರ್ವಾಣಸ್ಥಳವಾದ ಗುಲ್ಜಾರ್‌ಬಾಗ್‌ನ ಕಮಲದಹಕ್ಕೆ ನಮಿಸಿ, ಬೆಂಗಳೂರಿಗೆ ನೇರವಾಗಿ ಬರುವ ಸಂಘಮಿತ್ರಾ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಎರಡು ದಿನದಲ್ಲಿ ಮನೆ ಸೇರಬಹುದು. ಒಟ್ಟು 11 ದಿನ ಸಾಕು. 12 ದಿನ ಇಟ್ಟುಕೊಂಡರೆ ನೆಮ್ಮದಿ.

ಟಿಕೆಟ್ ವಿಚಾರ

2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹೊರಡುವ ದಿನದ ಟಿಕೆಟ್ ತೆರೆದಾಗ ಮರಳುವ ದಿನದ ಟಿಕೆಟ್ ಇನ್ನೂ ತೆರೆದಿರುವುದಿಲ್ಲ. ಆದ್ದರಿಂದ ಎರಡೂ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಬೆಳಿಗ್ಗೆ 8 ಗಂಟೆಗೆ ಕಾಯ್ದಿರಿಸಬೇಕು. ಸ್ಲೀಪರ್ ದರ್ಜೆಯಲ್ಲಿ ಹೋದರೆ ಖರ್ಚು ಬಹಳ ಕಡಿಮೆ. 2020ರಲ್ಲಿ ನಿಲ್ಲಿಸಿದ ಹಿರಿಯ ನಾಗರಿಕರ ದರ ರಿಯಾಯಿತಿಯನ್ನು ನಂಬಿ ಲೆಕ್ಕ ಹಾಕಬಾರದು. ಆದರೆ 60 ದಾಟಿದ ಪುರುಷರಿಗೆ, 45 ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ.

ಹೊರಟ ನಿಲ್ದಾಣಕ್ಕೇ ಮರಳುವ ಯಾತ್ರೆಗೆ ರೈಲ್ವೆ ‘ಸರ್ಕ್ಯುಲರ್ ಜರ್ನಿ’ ಟಿಕೆಟ್ ಕೊಡುತ್ತದೆ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಇದರ ದರ ಕಡಿಮೆ. ದಾರಿಯಲ್ಲಿ ಗರಿಷ್ಠ 8 ಕಡೆ ಇಳಿಯಬಹುದು. ಮಾರ್ಗವನ್ನು ಬರೆದುಕೊಂಡು ಮುಂಚಿತವಾಗಿಯೇ ದೊಡ್ಡ ನಿಲ್ದಾಣದಲ್ಲಿ ವಿಚಾರಿಸಬೇಕು. ಪ್ರತಿ ರೈಲಿನ ಸೀಟನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು.

ಬೆಟ್ಟದ ದಿನ

ಉಳಿತಾಯದ ಹೆಸರಿನಲ್ಲಿ ಮಾಡುವ ದೊಡ್ಡ ತಪ್ಪು ಇಲ್ಲಿಯೇ. ಒಂದು ದಿನದ ವಸತಿ ಉಳಿಯಲಿ ಎಂದು ಸಂಜೆ ಮಧುಬನ ತಲುಪಿ ಅದೇ ರಾತ್ರಿ ಬೆಟ್ಟ ಹತ್ತುತ್ತಾರೆ. ಹತ್ತಲು 9, ಮೇಲಿನ ಟೋಂಕಗಳ ವಂದನೆಗೆ 9, ಇಳಿಯಲು 9, ಹೀಗೆ ಒಟ್ಟು 27 ಕಿ.ಮೀ. ನಡಿಗೆ, ಬೆಟ್ಟದ ಎತ್ತರ ಸುಮಾರು 1,365 ಮೀಟರ್. ಎರಡು ದಿನ ರೈಲಿನಲ್ಲಿ ಕುಳಿತು ಊದಿದ ಕಾಲುಗಳಿಗೆ ಇದು ತಡೆಯದು. ಪಾರ್ಶ್ವನಾಥ ಸ್ವಾಮಿಯ ಸ್ವರ್ಣಭದ್ರ ಕೂಟ ತಲುಪುವ ಮುನ್ನವೇ ಮರಳಬೇಕಾಗಿ ಬಂದರೆ ಅಷ್ಟು ದೂರ ಬಂದದ್ದೂ ವ್ಯರ್ಥವೆನಿಸುತ್ತದೆ. ಒಂದು ದಿನ ವಿಶ್ರಾಂತಿ ಪಡೆದು ತಪ್ಪಲಿನ ಮಂದಿರಗಳ ದರ್ಶನ ಮಾಡಿ, ಮರುದಿನ ನಸುಕಿಗೆ ಹೊರಡುವುದೇ ಕ್ಷೇಮ. ನಡೆಯಲಾಗದ ಹಿರಿಯರಿಗೆ ಡೋಲಿ ಇದೆ. ಆ ಹಣವನ್ನು ಮನೆಯಲ್ಲೇ ಬೇರೆಯಾಗಿ ಎತ್ತಿಡಬೇಕು.

ಆಹಾರ ಮತ್ತು ನಿಯಮ

ರಾತ್ರಿ ಭೋಜನ ತ್ಯಾಗ ಮಾಡಿದವರು ರೈಲಿನ ವೇಳೆಯ ಜೊತೆಗೆ ಸೂರ್ಯಾಸ್ತದ ವೇಳೆಯನ್ನೂ ಗಮನಿಸಬೇಕು. ಪೂರ್ವ ಭಾರತದಲ್ಲಿ ನಮ್ಮ ಕಡೆಗಿಂತ ಬೇಗ ಕತ್ತಲಾಗುತ್ತದೆ. ಚಳಿಗಾಲದಲ್ಲಿ ಸಂಜೆ 5 ಗಂಟೆಗೇ ಸೂರ್ಯ ಮುಳುಗುತ್ತಾನೆ. ಅವಲಕ್ಕಿ, ಹುರಿಹಿಟ್ಟು, ಚಕ್ಕುಲಿ, ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಚಟ್ನಿಪುಡಿ ಮತ್ತು ನೀರು ಸೋಸುವ ಬಟ್ಟೆ ಜೊತೆಯಲ್ಲಿದ್ದರೆ ನಿಯಮವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಮಧುಬನ, ರಾಜಗೀರ್, ಪಾವಾಪುರಿಗಳ ಧರ್ಮಶಾಲೆಗಳಲ್ಲಿ ಶುದ್ಧ ಜೈನ ಭೋಜನ ದೊರೆಯುತ್ತದೆ. ಕೊಠಡಿಯನ್ನು ಮೊದಲೇ ಫೋನ್ ಮಾಡಿ ಹೇಳಿಡಬೇಕು.

ಯಾವಾಗ ಹೊರಡಬೇಕು?

ಮಳೆಗಾಲದಲ್ಲಿ ಬೆಟ್ಟದ ದಾರಿ ಜಾರುತ್ತದೆ. ಡಿಸೆಂಬರ್–ಜನವರಿಯ ಮಂಜಿಗೆ ಬಿಹಾರದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ದೀಪಾವಳಿಗೆ ಪಾವಾಪುರಿಯಲ್ಲಿ ನಿರ್ವಾಣೋತ್ಸವದ ಜನಸಂದಣಿ. ನವೆಂಬರ್ ಮಧ್ಯಭಾಗ ಅಥವಾ ಫೆಬ್ರುವರಿ ಕುಟುಂಬಗಳಿಗೆ ಸೂಕ್ತ. ಹಾಗೆ ನೋಡಿದರೆ ಮನೆಯ ಹಿರಿಯರ ಕಾಲಲ್ಲಿ ಇನ್ನೂ ಬಲವಿರುವ ಈ ವರ್ಷವೇ ಎಲ್ಲಕ್ಕಿಂತ ಒಳ್ಳೆಯ ಕಾಲ.